ಪ್ಲೇಗಮ್ಮನ ಮುಡಿಪು

ನಮ್ಮಜ್ಜಿಗೆ ಸಿಟ್ಟು ಬಂದರೆ ‘ನಿನಗೆ ಪ್ಲೇಗ್ ಬಡಿಯ’ ಅನ್ನುತ್ತಿದ್ದಳು. ಅಂದ ಮರುಗಳಿಗೆಯೇ ಕೆನ್ನೆ ಬಡಿದುಕೊಂಡು, ‘ತಪ್ಪಾಯ್ತು ತಾಯಿ’ ಅಂತ ಕೈಮುಗಿಯುತ್ತಿದ್ದಳು. ಬೈಗುಳವೂ ಅದೇ, ದೇವರೂ ಅದೇ. ನನಗೆ ನಗು. ಬೆಂಗಳೂರಿನ ತ್ಯಾಗರಾಜನಗರದಲ್ಲಿ ಪ್ಲೇಗ್ ಮಾರಮ್ಮನ ಗುಡಿ ಕಂಡ ದಿನ ನಗು ನಿಂತಿತು.

1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು 1898ರ ಆಗಸ್ಟ್‌ನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಬಂತು. ಪೇಟೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಮನೆ, ಗಾಳಿಬೆಳಕಿಲ್ಲದ ದವಸದ ಕೋಣೆ. ಇಲಿಗೆ ಇನ್ನೇನು ಬೇಕು? ಅಟ್ಟದಿಂದ ಇಲಿ ಸತ್ತು ಬಿತ್ತೆಂದರೆ ಮನೆಗೆ ಬೀಗ, ಊರಾಚೆ ಗುಡಿಸಲು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದವರಲ್ಲಿ ಬಹಳ ಮಂದಿ ಕೆಲವೇ ದಿನಗಳಲ್ಲಿ ಹೋಗಿಬಿಡುತ್ತಿದ್ದರು. ಬಸವನಗುಡಿ, ಮಲ್ಲೇಶ್ವರದ ಅಗಲ ಬೀದಿಗಳು ಬೆಳೆದದ್ದು ಈ ಹೆದರಿಕೆಯ ಕಾಲದಲ್ಲೇ.

ಲಸಿಕೆ ಇರಲಿಲ್ಲವೆಂದಲ್ಲ. ಅದನ್ನು ತಯಾರಿಸಿದ ವಿಜ್ಞಾನಿ ಹಾಫ್‌ಕಿನ್ 1897ರ ಜನವರಿಯಲ್ಲಿ ಮುಂಬಯಿಯಲ್ಲಿ ಅದನ್ನು ಮೊದಲು ತನಗೇ ಚುಚ್ಚಿಕೊಂಡಿದ್ದ. ಆದರೆ ಜನ ಸೂಜಿಗೂ ಹೆದರಿದರು, ರೋಗಿಯನ್ನು ಕ್ಯಾಂಪಿಗೆ ಒಯ್ಯುವವರಿಗೂ ಹೆದರಿದರು. ಸಿಡುಬಿಗೆ, ಕಾಲರಾಕ್ಕೆ ಮಾರಮ್ಮ ಮೊದಲೇ ಇದ್ದಳು. ಹೊಸ ಬೇನೆಗೂ ಅವಳೇ ಬಂದಳು, ಇಂಗ್ಲಿಷ್ ಹೆಸರು ಹೊತ್ತು! ಅಮ್ಮ ಎಂದ ಮೇಲೆ ಜಗಳವಾಡಬಹುದು, ಮುನಿಸು ತೀರಿಸಬಹುದು, ಮಡಿಲು ತುಂಬಿ ಊರ ಗಡಿ ದಾಟಿಸಬಹುದು. ಬ್ಯಾಕ್ಟೀರಿಯಾದ ಜೊತೆ ಈ ವ್ಯವಹಾರ ನಡೆಯದು.

ಇದೆಲ್ಲ ಮೂಢನಂಬಿಕೆ ಎಂದು ಒಂದೇ ಏಟಿಗೆ ತಳ್ಳುವವರೊಡನೆ ನನ್ನ ತಕರಾರಿದೆ. ದೇವರಿದ್ದಾಳೆಂದು ಆ ಕಾಲದ ಜನ ಇಲಿ ಬಿದ್ದ ಮನೆಯಲ್ಲೇ ಕೂರಲಿಲ್ಲ, ಗಂಟುಮೂಟೆ ಕಟ್ಟಿದರು. ದೇವರು ಬೇಕಾದದ್ದು ವಾಪಸು ಬರುವಾಗ.

ನಮ್ಮ ಮುತ್ತಜ್ಜಿಯ ಕತೆ ಅದು. ಗುಡಿಸಲಿನಲ್ಲಿ ಅರಿಸಿನದ ಬಟ್ಟೆಗೆ ಒಂದು ಕಾಸು ಕಟ್ಟಿ, ಸೂರಿನ ಗಳುವಿಗೆ ಮುಡಿಪು ನೇತುಹಾಕಿದ್ದಳಂತೆ. ಬದುಕಿಸೆಂದು ಬೇಡಲು ಮಗು ಉಳಿದಿರಲಿಲ್ಲ. ‘ಆ ಹೊಸಿಲು ದಾಟುವಷ್ಟು ಶಕ್ತಿ ಕೊಡು, ಸಾಕು’ ಅಂದಿದ್ದಳಂತೆ. ಬೇನೆ ಇಳಿದ ಮೇಲೆ ಗೋಡೆಗೆ ಸುಣ್ಣ ಹೊಡೆಸಿ, ತಂಬಿಟ್ಟಿನ ಆರತಿ ಹೊತ್ತು ಮಾರಮ್ಮನಿಗೆ ಮುಡಿಪು ಒಪ್ಪಿಸಿ ಬಂದು, ಆಮೇಲೇ ಒಲೆ ಹಚ್ಚಿದಳು.

ಬಣ್ಣ ಮಾಸಿದ ಆ ಬಟ್ಟೆ ಅಜ್ಜಿಯ ಟ್ರಂಕಿನಲ್ಲಿ ಬಹಳ ವರ್ಷ ಇತ್ತು. ಕಾಸು ಮಾತ್ರ ತಾಯಿಗೆ ಸಂದಿತ್ತು.