ರಕ್ಕಸನೂ ನಗುವೂ

ಆಂಧ್ರದ ಪೆಂದುರ್ತಿಯ ನಮ್ಮ ಬಾಡಿಗೆ ಮನೆಯಲ್ಲಿ ಬೋಂಗ್ ಜೂನ್-ಹೋ ಅವರ ಕೊರಿಯನ್ ಸಿನಿಮಾ ‘ದಿ ಹೋಸ್ಟ್’ (2006) ಹಾಕಿದ್ದೆ. ಹಾನ್ ನದಿಯ ದೈತ್ಯ ಪ್ರಾಣಿ ಹುಡುಗಿಯೊಬ್ಬಳನ್ನು ಬಾಲದಲ್ಲಿ ಸುತ್ತಿ ಒಯ್ದಾಗ ಉಸಿರು ಬಿಗಿಹಿಡಿದಿದ್ದ ಪಕ್ಕದ ಮನೆಯವರು, ಆಮೇಲೆ ಅವಳ ಫೋಟೋ ಮುಂದೆ ಮನೆಮಂದಿಯೆಲ್ಲ ನೆಲಕ್ಕುರುಳಿ ಗೋಳಾಡಿದಾಗ ಕಿಸಕ್ಕನೆ ನಕ್ಕು, ಪೆಚ್ಚಾದರು. ಪೆಚ್ಚಾಗುವಂಥದ್ದೇನಿತ್ತು? ರಕ್ಕಸನ ಜೊತೆ ನಗು ನಮಗೇನು ಹೊಸತೇ?

1957ರ ತೆಲುಗು ‘ಮಾಯಾಬಜಾರ್’ ಸಿನಿಮಾದಲ್ಲಿ ರಕ್ಕಸ ಘಟೋತ್ಕಚನಾದ ಎಸ್.ವಿ. ರಂಗಾರಾವ್ ಅವರ ಬಾಯಿಗೆ ಲಡ್ಡುಗಳು ತಾವಾಗಿಯೇ ಹಾರಿ ಸೇರುವಾಗ ಯಾರಿಗೆ ಭಯ!

ನಮ್ಮ ತೆಂಕುತಿಟ್ಟು ಯಕ್ಷಗಾನದ ರಕ್ಕಸ, ಬಣ್ಣದ ವೇಷವಂತೂ ಇನ್ನೂ ಹಳೆಯದು. ಮುಖದ ತುಂಬ ಅಕ್ಕಿಹಿಟ್ಟು-ಸುಣ್ಣದ ಚುಟ್ಟಿ, ಚೆಂಡೆಯ ಅಬ್ಬರ, ತೆರೆಯ ಹಿಂದಿನಿಂದ ಆರ್ಭಟ. ನಾನು ಅಜ್ಜಿಯ ಸೆರಗೊಳಗೆ. ಹಾಸ್ಯಗಾರ ಬಂದು ಆ ರಕ್ಕಸನನ್ನೇ ಕೆಣಕತೊಡಗಿದರೆ ಮೆಲ್ಲಗೆ ತಲೆ ಹೊರಗೆ. ಅಜ್ಜಿ ಮಾತ್ರ ಮೊದಲಿನಿಂದಲೂ ವೀಳ್ಯ ಜಗಿಯುತ್ತ ನಗುತ್ತಲೇ ಇರುತ್ತಿದ್ದಳು.