ಚೆಂಡು, ಚೌಗಾನ್ ಮತ್ತು ಒಬ್ಬ ದೊರೆಯ ಪಶ್ಚಾತ್ತಾಪ

ಪರ್ಷಿಯಾದ ಕಿರುಚಿತ್ರಗಳಲ್ಲಿ ಅರಮನೆಯ ಆಟಗಳು ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ನಮ್ಮ ನಾಡಿನ ಚದುರಂಗವು ಅಲ್ಲಿ ಶತ್ರಂಜ್ ಆಯಿತು. ಕುದುರೆಯೇರಿ ಕೋಲಿನಿಂದ ಚೆಂಡನ್ನು ಹೊಡೆಯುವ ಚೌಗಾನ್ ಇಂದಿನ ಪೋಲೊ ಆಗಿದೆ. ಮೇಲ್ನೋಟಕ್ಕೆ ಇವು ವಿಲಾಸದ ಚಿತ್ರಗಳು. ಕಥೆಯನ್ನು ಬಲ್ಲವರಿಗೆ ಇವುಗಳಲ್ಲಿ ಪಾಠವಿದೆ.

1010ರಲ್ಲಿ ಫಿರ್ದೌಸಿಯು ಪೂರ್ಣಗೊಳಿಸಿದ ‘ಶಾಹ್‌ನಾಮ’ದ ಪ್ರಕಾರ, ಭಾರತದ ರಾಜನು ಚದುರಂಗದ ಮಣೆಯನ್ನು ನೂಶೀರ್ವಾನನ ಆಸ್ಥಾನಕ್ಕೆ ಕಳುಹಿಸಿ ಅದರ ಮರ್ಮವನ್ನು ಬಿಡಿಸುವಂತೆ ಸವಾಲೊಡ್ಡಿದನು. ಬುಜುರ್ಗ್‌ಮಿಹ್ರನು ಅದನ್ನು ಬಿಡಿಸಿದನು. ಚಿತ್ರಕಾರರು ಇಲ್ಲಿ ಆಟವನ್ನಲ್ಲ, ಬುದ್ಧಿಯ ಪರೀಕ್ಷೆಯನ್ನು ಚಿತ್ರಿಸಿದರು. ಅದೇ ಕಾವ್ಯದಲ್ಲಿ, ತಂದೆಯ ನಾಡನ್ನು ತೊರೆದ ರಾಜಕುಮಾರ ಸಿಯಾವುಷನು ತೂರಾನಿನ ದೊರೆ ಅಫ್ರಾಸಿಯಾಬನ ಎದುರು ಚೌಗಾನ್ ಆಡಿ ಮೆಚ್ಚುಗೆ ಗಳಿಸುತ್ತಾನೆ. ಮುಂದೆ ಚಾಡಿಮಾತಿಗೆ ಕಿವಿಗೊಟ್ಟ ಅದೇ ದೊರೆಯ ಆಜ್ಞೆಯಿಂದ ಅವನ ಹತ್ಯೆಯಾಗುತ್ತದೆ. ರಾಜಮನ್ನಣೆ ಎಷ್ಟು ಕ್ಷಣಿಕ!

ಈ ದೃಶ್ಯವು ಸಫವೀ ದೊರೆ ಶಾಹ್ ತಹ್ಮಾಸ್ಪನಿಗಾಗಿ ತಬ್ರೀಝಿನಲ್ಲಿ ಸಿದ್ಧವಾದ, 258 ಚಿತ್ರಗಳುಳ್ಳ ಶಾಹ್‌ನಾಮ ಪ್ರತಿಯಲ್ಲಿದೆ. ತಹ್ಮಾಸ್ಪನಿಗೆ ಎಳವೆಯಿಂದಲೇ ಚಿತ್ರಕಲೆಯಲ್ಲಿ ಒಲವಿತ್ತು. ಹೆರಾತಿನ ಕವಿ ಆರಿಫಿಯ ‘ಗೂಯ್ ವ ಚೌಗಾನ್’ ಎಂಬ, ಚೆಂಡು-ಕೋಲಿನ ರೂಪಕದಲ್ಲಿ ಪ್ರೇಮವನ್ನು ಹೇಳುವ ಕಾವ್ಯವನ್ನು ಅವನು ಹಿಜರಿ 931ರಲ್ಲಿ, ಇನ್ನೂ ಬಾಲಕನಾಗಿದ್ದಾಗಲೇ, ಸ್ವಹಸ್ತದಿಂದ ನಕಲು ಮಾಡಿದ್ದನು.

ಆದರೆ 1530ರ ದಶಕದಲ್ಲಿ ಅವನು ಪಶ್ಚಾತ್ತಾಪಪಟ್ಟು ಮದ್ಯವನ್ನು ತ್ಯಜಿಸಿದನು, ಜೂಜುಕಟ್ಟೆಗಳನ್ನು ಮುಚ್ಚಿಸಿದನು. ಕಾಲಕ್ರಮದಲ್ಲಿ ಚಿತ್ರಕಲೆಯಿಂದಲೂ ದೂರ ಸರಿದನು. 1568ರಲ್ಲಿ ಆ ಅಮೂಲ್ಯ ಶಾಹ್‌ನಾಮವು ಉಸ್ಮಾನೀ ಸುಲ್ತಾನ ಎರಡನೆಯ ಸಲೀಮನಿಗೆ ಉಡುಗೊರೆಯಾಗಿ ಸಂದಿತು. ರಾಜತಂತ್ರದ ಲೆಕ್ಕಾಚಾರವೂ ಅದರಲ್ಲಿ ಇದ್ದಿರಬಹುದು. ಆದರೂ ತಾನು ಒಲಿದುದನ್ನು ತೊರೆಯಬಲ್ಲ ಮನಸ್ಸು ಸುಲಭವಾಗಿ ದೊರೆಯುವಂಥದ್ದಲ್ಲ.

ಇಸ್ಲಾಮ್ ಎಲ್ಲ ಆಟವನ್ನೂ ನಿಷೇಧಿಸಿಲ್ಲ. ಕುದುರೆ ಸವಾರಿಗೆ, ಬಿಲ್ಲುವಿದ್ಯೆಗೆ ಪ್ರೋತ್ಸಾಹವನ್ನೇ ನೀಡಿದೆ. ನಿಷೇಧವಿರುವುದು ಜೂಜಿಗೆ. ಅದು ಪರಸ್ಪರ ವೈರವನ್ನು ಹುಟ್ಟಿಸಿ, ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆಂದು ಸೂರಃ ಅಲ್‌ಮಾಇದಃ ಎಚ್ಚರಿಸುತ್ತದೆ. ಇಂದು ಜೂಜುಕಟ್ಟೆಯು ಮೊಬೈಲ್ ರೂಪದಲ್ಲಿ ನಮ್ಮ ಮಕ್ಕಳ ಅಂಗೈಯಲ್ಲಿಯೇ ಇದೆ. ದೊರೆಯೊಬ್ಬನು ತನ್ನ ರಾಜ್ಯದಲ್ಲಿ ಅದನ್ನು ಮುಚ್ಚಿಸಿದನು. ನಮ್ಮ ಮನೆಯಲ್ಲಿ ಅದನ್ನು ಮುಚ್ಚಿಸುವ ಹೊಣೆ ನಮ್ಮದಲ್ಲವೇ?