ಚಿನ್ನಕ್ಕೆ 14, ಪಾನಿಪುರಿ ಮಸಾಲೆಗೆ 30, ಕೆಲಸಕ್ಕೆ ಯಾವ ನಂಬರ್?

ಫೋಟೋ 1: ಬಂಗಾರಪೇಟೆ ಪಾನಿಪುರಿ. ನೀರು ಎಷ್ಟು ತಿಳಿಯಾಗಿದೆ ನೋಡಿ! ಈ ಹೆಸರಿನ ಬೋರ್ಡು ಬೆಂಗಳೂರಲ್ಲೂ ಕಾಣ್ಸುತ್ತೆ. ಕ್ಲಾಸಲ್ಲಿ ಒಬ್ಬ ಕೇಳ್ದ: "ಇದನ್ನ ಯಾರೋ ಒಬ್ರು ಟ್ರೇಡ್‌ಮಾರ್ಕ್ ಮಾಡಿಸ್ಕೊಂಡ್ಬಿಟ್ರೆ?" ಉತ್ತರಕ್ಕೆ ಸ್ವಲ್ಪ ಇತಿಹಾಸ ಬೇಕು.

ಫೋಟೋ 2: 1957ರ ಜೂನ್ 15, ಫ್ರಾನ್ಸಿನ ನೀಸ್ ನಗರ. ಟ್ರೇಡ್‌ಮಾರ್ಕ್ ಅಂದ್ರೆ ಬರೀ ಹೆಸರಲ್ಲ. ಯಾವ ಸರಕಿಗೆ, ಯಾವ ಸೇವೆಗೆ ಆ ಹೆಸರು ಅಂತಾನೂ ಹೇಳ್ಬೇಕು. ಒಂದೊಂದು ದೇಶ ಒಂದೊಂದು ಪಟ್ಟಿ ಇಟ್ಕೊಂಡ್ರೆ ಗೋಜಲು. ಅದಕ್ಕೇ ಎಲ್ಲರಿಗೂ ಒಂದೇ ಪಟ್ಟಿ ಅಂತ ಒಪ್ಪಂದ ಆಯ್ತು. ಈಗ ಅದರಲ್ಲಿ 45 ವರ್ಗ: 1ರಿಂದ 34 ಸರಕು, 35ರಿಂದ 45 ಸೇವೆ. ಭಾರತ ಒಪ್ಪಂದಕ್ಕೆ ಸೇರಿದ್ದು 2019ರಲ್ಲಿ. ಪಟ್ಟಿಯನ್ನ ಮಾತ್ರ ಅದಕ್ಕೂ ಮೊದಲೇ ಬಳಸ್ತಿತ್ತು.

ಫೋಟೋ 3: ಕೆಜಿಎಫ್, ಚಾಂಪಿಯನ್ ರೀಫ್. ಇಲ್ಲಿನ ಒಂದು ಕಲ್ಲನ್ನ ಆ ಪಟ್ಟೀಲಿ ಇಟ್ಟು ನೋಡೋಣ. 3 ಕಿಲೋಮೀಟರಿಗೂ ಹೆಚ್ಚು ಆಳದಿಂದ ಇನ್ನೊಬ್ಬರಿಗಾಗಿ ಅದಿರು ತೆಗೆದುಕೊಟ್ರೆ ಅದು ಸೇವೆ, ವರ್ಗ 37. ಮೇಲೆ ಬಂದ ಅದಿರು ಸರಕು, ವರ್ಗ 6. ಶುದ್ಧ ಮಾಡಿಕೊಡೋದು ಮತ್ತೆ ಸೇವೆ, ವರ್ಗ 40. ಕೊನೆಗೆ ಸಿಗೋ ಚಿನ್ನ, ವರ್ಗ 14. ಕಲ್ಲು ಒಂದೇ, ನಂಬರ್ ನಾಲ್ಕು!

ಫೋಟೋ 4: ಸೈನೈಡ್ ದಿಬ್ಬ. 1958ರ ನಮ್ಮ ಕಾಯ್ದೆಯಲ್ಲಿ ಸರಕಿಗೆ ಮಾತ್ರ ನೋಂದಣಿ ಇತ್ತು. ಸೇವೆಗೂ ಅವಕಾಶ ಕೊಟ್ಟ 1999ರ ಕಾಯ್ದೆ ಜಾರಿಯಾಗಿದ್ದು 2003ರ ಸೆಪ್ಟೆಂಬರ್ 15ಕ್ಕೆ. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ. ಅಂದ್ರೆ ಗಣಿ ನಡೆಯೋವರೆಗೂ ಚಿನ್ನದ ಮೇಲಿನ ಮುದ್ರೆಗೆ ಜಾಗ ಸಿಗ್ತಿತ್ತು, ಚಿನ್ನ ತೆಗೆಯೋ ಕೆಲಸದ ಹೆಸರಿಗೆ ಸಿಗ್ಲಿಲ್ಲ. ಇದು ವ್ಯಾಪಾರದ ಗುರುತಿನ ಕಾನೂನು, ಕಾರ್ಮಿಕರ ಕಾನೂನಲ್ಲ, ನಿಜ. ಆದ್ರೂ ಈ ದಿಬ್ಬದ ಮುಂದೆ ನಿಂತಾಗ ಆ ಎರಡು ತಾರೀಖು ಚುಚ್ಚುತ್ತೆ.

ಫೋಟೋ 5: ಮತ್ತೆ ಗಾಡಿ ಹತ್ರ. ಪಾಕೆಟ್‌ನಲ್ಲಿ ಮಾರೋ ಮಸಾಲೆ ವರ್ಗ 30. ನಿಂತಲ್ಲೇ ಮಾಡಿ ಬಡಿಸೋದು ವರ್ಗ 43. ಊರಿನ ಹೆಸರು? ಸರಕು ಎಲ್ಲಿಯದು ಅಂತಷ್ಟೇ ತಿಳಿಸೋ ಪದವನ್ನ ಒಬ್ಬರ ಸ್ವತ್ತು ಮಾಡೋಕೆ ಕಾನೂನು ಸಾಮಾನ್ಯವಾಗಿ ಬಿಡಲ್ಲ. ಬಹಳ ಕಾಲದ ಬಳಕೆಯಿಂದ ಅದು ಒಬ್ಬ ವ್ಯಾಪಾರಿಯ ಗುರುತೇ ಆಗಿಹೋಗಿದ್ರೆ ಮಾತ್ರ ಬೇರೆ ಮಾತು. ಆದ್ದರಿಂದ ಗಾಡಿ ಹಾಕೋ ಕನಸಿರೋರೇ, ಊರಿನ ಹೆಸರ ಜೊತೆಗೆ ನಿಮ್ಮದೇ ಒಂದು ಹೆಸರು ಇಟ್ಕೊಳ್ಳಿ. ಅರ್ಜಿ ಹಾಕುವಾಗ 30 ಬರೆದು 43 ಮರೀಬೇಡಿ. ನಿಮ್ಮ ಕೈಕೆಲಸ ಇರೋದು ಅಲ್ಲೇ.

ಹಿಂದೆ ಬಂಗಾರಪೇಟೆಗೆ ಒಬ್ಬ ಸಾಹೇಬರ ಹೆಸರಿತ್ತು: ಬೌರಿಂಗ್‌ಪೇಟೆ. ಈಗಿನ ಹೆಸರಾದ್ರೂ ಎಲ್ಲರದ್ದಾಗಿ ಉಳೀಲಿ, ಅಲ್ವಾ?

#ಬಂಗಾರಪೇಟೆ #ಕೆಜಿಎಫ್ #ನಮ್ಮೂರಕಥೆ